ತೋಟದ ತಿಮರೆ, ಬಾವಿಕಟ್ಟೆಯ ತಿಮರೆ

ನಾನು ಕ್ಯಾನ್ಸರ್ ಸಾಕುತ್ತೇನೆ. ಹೀಗೆ ಹೇಳುವುದು ನಾನಲ್ಲ, ಕಾಣಿಯೂರಿನಲ್ಲಿರುವ ನನ್ನ ಅಣ್ಣ. ಮದುವೆಮನೆಯಲ್ಲಿ ಯಾರಾದರೂ ನನ್ನ ಕಡೆ ನೋಡಿ, "ತಂಗಿ ಈಗ ಎಂತ ಮಾಡುದು?" ಎಂದು ಅವನನ್ನು ಕೇಳಿದರೆ, "ಜನ ದನ ಸಾಕ್ತಾರೆ, ಕೋಳಿ ಸಾಕ್ತಾರೆ. ಇವಳು ಪುತ್ತೂರಲ್ಲಿ ಕ್ಯಾನ್ಸರ್ ಸಾಕುದು" ಎಂದುಬಿಡುತ್ತಾನೆ. ಕೇಳಿದವರು ನಗಬೇಕೋ ಬೇಡವೋ ಗೊತ್ತಾಗದೆ ಊಟದ ಎಲೆಯ ಕಡೆ ನೋಡುತ್ತಾರೆ. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಯೋಚಿಸಿದರೆ, ಅವನು ಹೇಳುವುದರಲ್ಲಿ ಸುಳ್ಳೇನೂ ಇಲ್ಲ.

ಪುತ್ತೂರಿನ ಒಂದು ಕಾಲೇಜಿನ ಹಿಂಬದಿಯ ಕಟ್ಟಡದಲ್ಲಿ ನಮ್ಮ ಪ್ರಯೋಗಶಾಲೆ ಇದೆ. ಊರಿನ ಸೊಪ್ಪು, ತೊಗಟೆ, ಬೇರುಗಳಿಂದ ಸತ್ವ ತೆಗೆದು, ಅದು ಕ್ಯಾನ್ಸರ್ ಕೋಶಗಳನ್ನು ಏನಾದರೂ ಮಾಡುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ. ಆ ಕೋಶಗಳು ಯಾವುದೋ ದೇಶದ ಒಬ್ಬ ಹೆಂಗಸಿನ ಸ್ತನದ ಗಡ್ಡೆಯಿಂದ ಬಂದವು. ಆಕೆ ತೀರಿಹೋಗಿ ಎಷ್ಟೋ ಕಾಲವಾಗಿದೆ. ಕೋಶಗಳು ಮಾತ್ರ ಪ್ಲಾಸ್ಟಿಕ್ ತಟ್ಟೆಗಳಲ್ಲಿ, ಗುಲಾಬಿ ಬಣ್ಣದ ದ್ರವ ಕುಡಿಯುತ್ತ, ಮೈಶಾಖದಷ್ಟೇ ಬೆಚ್ಚಗಿರುವ ಪೆಟ್ಟಿಗೆಯೊಳಗೆ ಹಾಯಾಗಿ ಬೆಳೆಯುತ್ತಿವೆ. ದಿನ ಬಿಟ್ಟು ದಿನ ದ್ರವ ಬದಲಿಸಬೇಕು. ತಟ್ಟೆ ತುಂಬಿದರೆ ಪಾಲು ಮಾಡಿ ಬೇರೆ ತಟ್ಟೆಗೆ ಹಾಕಬೇಕು. ಭಾನುವಾರ, ಹಬ್ಬ, ನೆಂಟರ ಮನೆಯ ಗೃಹಪ್ರವೇಶ ಎಂದರೆ ಅವು ಕೇಳುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಮನೆಯ ಫ್ರಿಜ್ಜಿನಲ್ಲಿರುವ ಮೀನಿಗಿಂತ ಮೊದಲು ನನಗೆ ನೆನಪಾಗುವುದು ಅವೇ.

ಪರೀಕ್ಷೆಯ ಕ್ರಮ ಸರಳವಾದದ್ದು. ಅಂಗೈಯಗಲದ ಒಂದು ತಟ್ಟೆ, ಅದರಲ್ಲಿ ಸಾಲುಸಾಲಾಗಿ ಪುಟ್ಟ ಗುಳಿಗಳು. ಪ್ರತಿ ಗುಳಿಯಲ್ಲೂ ಕೋಶಗಳನ್ನು ಬೆಳೆಸಿ, ಸೊಪ್ಪಿನ ಸತ್ವವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಿಟ್ಟು ಎರಡು ದಿನ ಕಾಯುತ್ತೇವೆ. ಆಮೇಲೆ ಒಂದು ಹಳದಿ ಬಣ್ಣ ಹಾಕುತ್ತೇವೆ. ಬದುಕಿರುವ ಕೋಶಗಳು ಆ ಹಳದಿಯನ್ನು ನೇರಳೆ ಮಾಡುತ್ತವೆ. ಸತ್ತಿದ್ದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ. ನಾವು ಇಷ್ಟು ಜನ ವರ್ಷವಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಆ ಹಳದಿಗಾಗಿ. ಬರುವುದು ಹೆಚ್ಚಾಗಿ ನೇರಳೆಯೇ. ಊರಿಡೀ ಹೊಗಳುವ ಎಷ್ಟೋ ಗಿಡಮೂಲಿಕೆಗಳು ನಮ್ಮ ತಟ್ಟೆಯಲ್ಲಿ ಮಾನ ಕಳೆದುಕೊಂಡಿವೆ.

ಈಗ ಅತ್ತಿಗೆಯ ವಿಷಯ. ಅತ್ತಿಗೆ ಎಂದರೆ ಅಣ್ಣನ ಹೆಂಡತಿ, ಸುಳ್ಯದ ಆಲೆಟ್ಟಿಯವರು. ಅವರ ಮನೆಮಾತು ಅರೆಭಾಷೆ, ನಮ್ಮದು ತುಳು. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮಿಬ್ಬರ ನಡುವೆ ಕನ್ನಡ ಶುರುವಾಯಿತು. ಆಮೇಲೆ ಅವರು ನಮಗಿಂತ ಚೆನ್ನಾಗಿ ತುಳು ಕಲಿತರೂ ನನ್ನ ಹತ್ತಿರ ಮಾತ್ರ ಕನ್ನಡವೇ ಉಳಿಯಿತು. ಸಿಟ್ಟು ಬಂದಾಗ, ಸುಸ್ತಾದಾಗ ಮಾತ್ರ ಅರೆಭಾಷೆ ಹೊರಗೆ ಬರುತ್ತದೆ. ಹಾಗಾಗಿ ಅವರ ಬಾಯಿಂದ ಅರೆಭಾಷೆ ಕೇಳಿದರೆ ಅಣ್ಣ ತೋಟದ ಕಡೆ ಹೋಗಿಬಿಡುತ್ತಾನೆ.

ಅತ್ತಿಗೆಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾದದ್ದು ಆ ವರ್ಷದ ಬೇಸಗೆಯಲ್ಲಿ. ಮಂಗಳೂರಿನ ಆಸ್ಪತ್ರೆಯಲ್ಲಿ ಕೀಮೋ ಶುರುವಾಯಿತು. ಅದರಲ್ಲಿ ಒಂದು ಕೆಂಪು ಮದ್ದು ಉಂಟು, ನೋಡಲು ಶರಬತ್ತಿನ ಬಣ್ಣ. ಅದೇ ಮದ್ದಿನ ಒಂದು ಪುಟ್ಟ ಸೀಸೆ ನಮ್ಮ ಪ್ರಯೋಗಶಾಲೆಯ ಫ್ರೀಜರಿನಲ್ಲೂ ಇದೆ. ನಮ್ಮ ಸೊಪ್ಪುಗಳ ಸತ್ವ ಎಷ್ಟು ಬಲವಾದದ್ದು ಎಂದು ಹೋಲಿಸಿ ನೋಡಲು ಅದು ಬೇಕು. ನಾನು ಅದನ್ನು ಮುಟ್ಟುವುದು ಎರಡೆರಡು ಕೈಗವಸು ಹಾಕಿ, ಗಾಜಿನ ಪರದೆಯ ಹಿಂದೆ ಕೈಯಿಟ್ಟು. ಅದೇ ಮದ್ದು ಅತ್ತಿಗೆಯ ರಕ್ತನಾಳಕ್ಕೆ ಹನಿಹನಿಯಾಗಿ ಹೋಗುತ್ತಿತ್ತು. ಈ ಸಂಗತಿಯನ್ನು ನಾನು ಅವರಿಗೆ ಹೇಳಿರಲಿಲ್ಲ. ಹೇಳಿ ಏನು ಉಪಕಾರ?

ಅವರಿಗೆ ಕೂದಲು ಹೋಯಿತು, ನಾಲಗೆಗೆ ರುಚಿ ಹೋಯಿತು. ಕೂದಲಿಗೆ ಅವರು ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ. ನೆಂಟರು ಬಂದಾಗ ಒಂದು ಹತ್ತಿಯ ಶಾಲು ಸುತ್ತಿಕೊಳ್ಳುತ್ತಿದ್ದರು. ರುಚಿ ಹೋದದ್ದಕ್ಕೆ ಮಾತ್ರ ತುಂಬಾ ನೊಂದರು. "ಉಪ್ಪು ಹಾಕಿದ್ರೂ ಒಂದೇ, ಬಿಟ್ರೂ ಒಂದೇ. ನಾನು ಮಾಡಿದ ಸಾರು ನನಗೇ ಗೊತ್ತಾಗುದಿಲ್ಲ ಮಾರಾಯ್ತಿ. ಮತ್ತೆ ನಾನು ಎಂತ ಸಾವಿಗೆ ಅಡಿಗೆ ಮನೆಯಲ್ಲಿ ನಿಲ್ಲುದು?" ಎಂದಿದ್ದರು ಒಮ್ಮೆ ಫೋನಿನಲ್ಲಿ.

ಆಷಾಢದ ಒಂದು ದಿನ ಅಣ್ಣ ಪುತ್ತೂರಿಗೆ ಅಡಿಕೆ ವ್ಯವಹಾರಕ್ಕೆ ಬಂದವನು ಅತ್ತಿಗೆಯನ್ನೂ ಕರೆತಂದ. ಅವರ ಕೈಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಚೀಲವೊಂದಿತ್ತು. ಅದರ ತುಂಬ ತಿಮರೆ. ಒಂದೆಲಗಕ್ಕೆ ನಾವು ತಿಮರೆ ಎನ್ನುವುದು. ನೆಲಕ್ಕಂಟಿ ಹರಡುವ, ದುಂಡನೆಯ ಎಲೆಯ ಆ ಬಳ್ಳಿಯನ್ನು ಚಟ್ನಿ, ತಂಬುಳಿ ಮಾಡದ ಮನೆ ನಮ್ಮ ಕಡೆ ಇಲ್ಲ.

"ಇದನ್ನೊಂದು ನಿನ್ನ ಆ ತಟ್ಟೆಯಲ್ಲಿ ಹಾಕಿ ನೋಡು," ಎಂದರು.

"ತಿಮರೆಯನ್ನಾ? ಇದು ನೆನಪಿನ ಶಕ್ತಿಗೆ ಅಂತಾರಲ್ಲ ಅತ್ತಿಗೆ."

"ನನಗೆ ನೆನಪೆಲ್ಲ ಸರಿ ಉಂಟು. ಹೆಚ್ಚೇ ಉಂಟು. ನೀನು ಅದಕ್ಕೆ ಹಾಕಿ ನೋಡು."

ನಾನು ನಗುತ್ತಲೇ ಚೀಲ ತೆಗೆದುಕೊಂಡೆ. ಎಲೆಗಳು ಮಾಮೂಲಿ ತಿಮರೆಯ ಎರಡರಷ್ಟು ದೊಡ್ಡವು, ಕಡುಹಸಿರು. ಅತ್ತಿಗೆಗೆ ತಾನೇ ಏನಾದರೊಂದು ಮಾಡಬೇಕೆಂದು ಅನಿಸಿರಬೇಕು ಎಂದು ನನಗೆ ಹೊಳೆಯಿತು. ಆಸ್ಪತ್ರೆಯಲ್ಲಿ ಮಲಗು ಎಂದರೆ ಮಲಗುವುದು, ಕೈ ಚಾಚು ಎಂದರೆ ಚಾಚುವುದು, ಅಷ್ಟೇ ತಾನೇ. ಹೊಲ ತೋಟ ಎಲ್ಲವನ್ನೂ ಬೆರಳ ತುದಿಯಲ್ಲಿ ನಡೆಸಿದ ಹೆಂಗಸಿಗೆ ಅದು ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು.

ಪುತ್ತೂರಿನ ಮಳೆಗಾಲದಲ್ಲಿ ಸೊಪ್ಪು ಒಣಗಿಸುವುದೇ ಒಂದು ತಪಸ್ಸು. ಫ್ಯಾನಿನ ಕೆಳಗೆ ಹರಡಿದರೆ ಮರುದಿನ ಬೂಸ್ಟು. ಹಾಗಾಗಿ ಎಲೆಯನ್ನು ತೊಳೆದು, ಹದವಾದ ಬಿಸಿಯ ಪೆಟ್ಟಿಗೆಯಲ್ಲಿಟ್ಟು ಒಣಗಿಸಿದೆ. ಆಮೇಲೆ ಮಿಕ್ಸಿಯಲ್ಲಿ ಪುಡಿಮಾಡಿ, ಒಂದಿಷ್ಟು ತೆಗೆದಿಟ್ಟು, ಉಳಿದದ್ದನ್ನು ನೀರು ಬೆರೆಸಿದ ಆಲ್ಕೋಹಾಲಿನಲ್ಲಿ ನೆನೆಹಾಕಿ, ಸೋಸಿ, ಆಲ್ಕೋಹಾಲನ್ನು ಆವಿ ಮಾಡಿ ತೆಗೆದೆ. ಗಾಜಿನ ತಳದಲ್ಲಿ ಕಪ್ಪುಹಸಿರಿನ ಅಂಟು ಉಳಿಯಿತು. ಒಂದು ಚೀಲ ತಿಮರೆಗೆ ಸಿಕ್ಕಿದ್ದು ಎರಡು ಚಮಚದಷ್ಟು. ಅತ್ತಿಗೆಯ ಮನಸ್ಸಿಗೆ ಸಮಾಧಾನವಾಗಲಿ ಎಂದು ಬೇರೆ ಸೊಪ್ಪುಗಳ ಸಾಲಿನಲ್ಲಿ ಅದಕ್ಕೂ ಒಂದು ಜಾಗ ಕೊಟ್ಟೆ.

ತಟ್ಟೆಗೆ ಬಣ್ಣ ಹಾಕಿ ನೋಡಿದ ದಿನ ನಾನೊಬ್ಬಳೇ ಇದ್ದೆ. ನಮ್ಮ ವಿಭಾಗದ ಮೇಡಂ ಉಪ್ಪಿನಂಗಡಿಯವರು. ಹೊಳೆ ಏರಿ ರಸ್ತೆಗೆ ನೀರು ಬಂದಿದೆ, ಬರಲಾಗುವುದಿಲ್ಲ ಎಂದು ಬೆಳಿಗ್ಗೆಯೇ ಮೆಸೇಜು ಹಾಕಿದ್ದರು. ಪೆಟ್ಟಿಗೆಯಿಂದ ತಟ್ಟೆ ತೆಗೆದು ಬೆಳಕಿಗೆ ಹಿಡಿದೆ. ಬೇರೆ ಸೊಪ್ಪುಗಳ ಸಾಲುಗಳೆಲ್ಲ ನೇರಳೆ. ತಿಮರೆಯ ಸಾಲು ಮಾತ್ರ ಹಳದಿ. ಅರೆಬರೆ ಹಳದಿಯಲ್ಲ, ಅರಸಿನ ಕಲಸಿದ ಹಾಗೆ ಹಳದಿ.

ಸುಳ್ಳು ಹೇಳಿ ಪ್ರಯೋಜನವಿಲ್ಲ, ಅಲ್ಲಿಯೇ ಎರಡು ಸಲ ಕುಣಿದೆ. ಕಿಟಕಿಯ ಹೊರಗೆ ವಾಚ್‌ಮನ್ ಕೊಡೆ ಹಿಡಿದು ನಿಂತು ನೋಡುತ್ತಿದ್ದ. ಮೇಡಂಗೆ ಫೋನು ಮಾಡಿದೆ. ಅವರು, "ಒಳ್ಳೇದಾಯ್ತು. ಇನ್ನೊಮ್ಮೆ ಮಾಡಿ ನೋಡು," ಎಂದರು. ಅವರ ಮನೆಯ ಅಂಗಳಕ್ಕೆ ನೀರು ಬಂದಿದ್ದ ಹೊತ್ತಿನಲ್ಲಿ ನಾನು ಹಳದಿಯ ಸುದ್ದಿ ಹೇಳುತ್ತಿದ್ದೆ. ಇನ್ನೊಮ್ಮೆ ಮಾಡಿದೆ. ಮತ್ತೆ ಹಳದಿ.

ಅಷ್ಟರಲ್ಲಿ ಅತ್ತಿಗೆಯ ಫೋನು. "ನನ್ನ ತಿಮರೆ ಎಂತ ಆಯ್ತು?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಟ್ಟೆಯಲ್ಲಿ ಕೋಶಗಳು ಸತ್ತಿವೆ. ತಟ್ಟೆಯಲ್ಲಿ ಸತ್ತರೆ ದೇಹದಲ್ಲಿ ಸಾಯುತ್ತವೆ ಎಂದರ್ಥವಲ್ಲ. ಇನ್ನೂ ಎಷ್ಟೋ ಪರೀಕ್ಷೆಗಳು ಆಗಬೇಕು. ಅದೆಲ್ಲ ಆಗಲು ವರ್ಷಗಳು ಬೇಕು. ಒಂದೊಂದನ್ನೂ ಬಿಡಿಸಿ ಹೇಳಿದೆ. ಅತ್ತಿಗೆ "ಹ್ಞಾಂ, ಹ್ಞಾಂ" ಎನ್ನುತ್ತಾ ಕೇಳಿದರು. ಅವರ ಕಿವಿಗೆ ಬಿದ್ದದ್ದು ಮೊದಲನೆಯ ವಾಕ್ಯ ಒಂದೇ ಎಂದು ಗೊತ್ತಾದದ್ದು ಆಮೇಲೆ.

ಕೆಲವು ದಿನ ಕಳೆದ ಮೇಲೆ ಅಣ್ಣ ಫೋನು ಮಾಡಿದ. ಎತ್ತಿದ ಕೂಡಲೇ, "ನಿನ್ನ ಅತ್ತಿಗೆ ಮದ್ದು ಬಿಟ್ಟಳು ಮಾರಾಯ್ತಿ," ಎಂದ.

"ಈ ಮಳೆಗಾ? ಹೊಳವು ಎಲ್ಲಿ ಉಂಟು? ಅದೂ ಅವರು ಯಾಕೆ ಹೋದದ್ದು?" ಎಂದೆ ನಾನು.

ನಮ್ಮ ಕಡೆ ಮದ್ದು ಬಿಡುವುದೆಂದರೆ ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತು, ಸುಣ್ಣ ಕಲಸಿದ ನೀಲಿ ದ್ರಾವಣ ಸಿಂಪಡಿಸುವುದು. ಮಳೆ ಸ್ವಲ್ಪ ನಿಂತು ಹೊಳವಾದ ಕೂಡಲೇ ಊರೆಲ್ಲ ಮದ್ದು ಬಿಡುವ ಗಡಿಬಿಡಿಯಲ್ಲಿರುತ್ತದೆ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಆದರೆ ಈ ಮಾತಿಗೆ ಎರಡೂ ಭಾಷೆಯಲ್ಲಿ ಒಂದೇ ತೊಂದರೆ.

"ತೋಟಕ್ಕಲ್ಲ," ಎಂದ ಅಣ್ಣ. ಅವನ ಧ್ವನಿ ಸಣ್ಣದಾಯಿತು. "ಆಸ್ಪತ್ರೆಯ ಮದ್ದು. ಇನ್ನು ಮಂಗಳೂರಿಗೆ ಬರುದಿಲ್ಲ ಅಂತಾಳೆ. ದಿನಾ ಬೆಳಿಗ್ಗೆ ತಿಮರೆ ರಸ ಕುಡಿತಾಳೆ. ಕೇಳಿದ್ರೆ ನಿನ್ನ ಹೆಸರು ಹೇಳ್ತಾಳೆ. ನೀನೇ ಪರೀಕ್ಷೆ ಮಾಡಿ ನೋಡಿದ್ದಂತೆ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಮೊಬೈಲಿನಲ್ಲಿ ದಿನಾ ಬರುವ ಪಪ್ಪಾಯ ಎಲೆ, ಲಕ್ಷ್ಮಣಫಲ, ಬಿಸಿನೀರು ನಿಂಬೆಹುಳಿಯ ಮೆಸೇಜುಗಳಿಗೆ ಮೈಮೇಲೆ ಬಂದವಳ ಹಾಗೆ ಉತ್ತರ ಬರೆಯುವವಳು ನಾನು. ಈಗ ನಮ್ಮ ಮನೆಯಲ್ಲೇ ಅಂಥದ್ದೊಂದು ಹುಟ್ಟಿಕೊಂಡಿತ್ತು, ಅದಕ್ಕೆ ಪುರಾವೆಯಾಗಿ ನಾನೇ ನಿಂತಿದ್ದೆ. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅತ್ತಿಗೆಯ ಗಡ್ಡೆ ಆ ಕೆಂಪು ಮದ್ದಿಗೆ ಕರಗುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಈಗ ಅರ್ಧಕ್ಕೆ ನಿಲ್ಲಿಸಿದರೆ ಉಳಿದದ್ದು ಮತ್ತೆ ಬೆಳೆಯುತ್ತದೆ. ಬಿಟ್ಟರೆ ಅವು ಹೇಗೆ ಬೆಳೆಯುತ್ತವೆ ಎಂದು ದಿನ ಬಿಟ್ಟು ದಿನ ನೋಡುವವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಶನಿವಾರ ಬಸ್ಸು ಹತ್ತಿ ಕಾಣಿಯೂರಿಗೆ ಹೋದೆ. ಅತ್ತಿಗೆ ಬಾವಿಕಟ್ಟೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ತಿಮರೆ ಕೀಳುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. ಊಟಕ್ಕೆ ಏಳುವ ಮೊದಲೇ ನಾನು ಜಗಳಕ್ಕಿಳಿದೆ. ಆಸ್ಪತ್ರೆ ಬಿಡಬೇಡಿ ಎಂದೆ. ತಿಮರೆ ಕುಡಿಯಿರಿ, ಬೇಡ ಅನ್ನುವುದಿಲ್ಲ, ಆದರೆ ಆಸ್ಪತ್ರೆಯ ಮದ್ದನ್ನು ಬಿಡಬೇಡಿ ಎಂದೆ. ಗೋಗರೆದೆ, ಹೆದರಿಸಿದೆ.

"ನೀನೇ ಹೇಳಿದ್ದಲ್ವಾ, ಸತ್ತಿದೆ ಅಂತ?"

"ತಟ್ಟೆಯಲ್ಲಿ ಅತ್ತಿಗೆ, ತಟ್ಟೆಯಲ್ಲಿ!"

"ನನ್ನ ಒಳಗೆ ಆ ಮದ್ದು ಹೋದ್ರೆ ಎಂತ ಆಗ್ತದೆ ಅಂತ ನಿನಗೆ ಗೊತ್ತಿಲ್ಲ. ತಿಮರೆ ಕುಡಿದ್ರೆ ಎಂತ ಆಗುದಿಲ್ಲ ಅಂತ ನನಗೆ ಗೊತ್ತುಂಟು." ಕಿತ್ತ ಎಲೆಯ ಮಣ್ಣು ಕೊಡವುತ್ತ, "ನಂಗೆ ಸಾಕಾತ್," ಎಂದರು. ಅರೆಭಾಷೆ ಬಂತೆಂದರೆ ಮಾತು ಮುಗಿಯಿತೆಂದೇ ಅರ್ಥ. ಕಟ್ಟೆಯ ಮೇಲೆ ಕೂತಿದ್ದ ಅಣ್ಣ ಎದ್ದು ತೋಟದ ಕಡೆ ಹೋದ.

ಸಂಜೆ ಹೊರಡುವಾಗ ಅವರೇ ಒಂದು ದಾರಿ ಹುಡುಕಿದರು. ಬೆಳಿಗ್ಗೆ ಕಿತ್ತ ತಿಮರೆಯಲ್ಲಿ ಅರ್ಧವನ್ನು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು. "ಇದು ನಾನು ಕುಡಿಯುವಂಥದ್ದು. ಇನ್ನೊಮ್ಮೆ ಹಾಕಿ ನೋಡು. ಇದು ಕೊಲ್ಲುದಿಲ್ಲ ಅಂತಾದ್ರೆ ಬರ್ತೇನೆ. ಕೊಂದ್ರೆ ನೀನು ಮತ್ತೆ ಈ ವಿಷಯ ಮಾತಾಡ್ಲಿಕ್ಕಿಲ್ಲ."

ನಾನು ಒಪ್ಪಿದೆ. ಬೇರೆ ದಾರಿ ಏನಿತ್ತು? ಆಸ್ಪತ್ರೆಗೆ ಫೋನು ಮಾಡಿ ಕೇಳಿದಾಗ, ಸ್ವಲ್ಪ ತಡವಾದರೆ ನಡೆಯುತ್ತದೆ, ತುಂಬ ತಡ ಮಾಡಬೇಡಿ ಎಂದರು. ಬಸ್ಸಿನಲ್ಲಿ ತೊಡೆಯ ಮೇಲೆ ಆ ಚೀಲ ಇಟ್ಟುಕೊಂಡು ಕೂತವಳಿಗೆ ಒಂದು ವಿಚಿತ್ರ ಹೊಳೆಯಿತು. ಈ ತಿಮರೆ ಕೆಲಸ ಮಾಡದಿರಲಿ ಎಂದು ನಾನು ಪ್ರಾರ್ಥಿಸುತ್ತಿದ್ದೆ. ಇಷ್ಟು ವರ್ಷ ಹಳದಿಗಾಗಿ ಬಾಯಿಬಿಟ್ಟುಕೊಂಡು ಕಾದವಳು ಈಗ ನೇರಳೆ ಬರಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದೆ.

ಆ ವಾರ ಪೂರ್ತಿ ನಾನು ಯಾರ ಹತ್ತಿರವೂ ನೆಟ್ಟಗೆ ಮಾತಾಡಲಿಲ್ಲ. ತೊಳೆದೆ, ಒಣಗಿಸಿದೆ, ಪುಡಿಮಾಡಿದೆ, ನೆನೆಹಾಕಿದೆ. ತಟ್ಟೆಯಲ್ಲಿ ಹಳೆಯ ಸತ್ವಕ್ಕೆ ಒಂದು ಸಾಲು, ಹೊಸದಕ್ಕೆ ಒಂದು ಸಾಲು ಕೊಟ್ಟೆ. ಬಣ್ಣ ಹಾಕುವ ದಿನ ಮೇಡಂ ಬೆನ್ನ ಹಿಂದೆಯೇ ನಿಂತಿದ್ದರು. ಹಳೆಯ ಸಾಲು ಹಳದಿ. ಹೊಸ ಸಾಲು, ಅತಿ ಹೆಚ್ಚು ಪ್ರಮಾಣ ಹಾಕಿದ ಗುಳಿಯಲ್ಲೂ, ಗಾಢ ನೇರಳೆ.

ನನಗೆ ಖುಷಿಯಾಗಬೇಕಿತ್ತು. ಆದರೆ ಒಂದೇ ಮನೆಯ, ಒಂದೇ ಕೈ ಕಿತ್ತ, ಒಂದೇ ಗಿಡದ ಎಲೆ ಹೀಗೆ ಎರಡು ಮಾತಾಡುವುದು ಹೇಗೆ? ಎಲ್ಲೋ ನಾನೇ ಎಡವಿದ್ದೇನೆ ಎಂದುಕೊಂಡೆ. ಮೇಡಂ ತಟ್ಟೆಯನ್ನು ಬಹಳ ಹೊತ್ತು ನೋಡಿ, "ಎಲ್ಲಿಂದ ಕಿತ್ತದ್ದು ಅಂತ ಕೇಳು," ಎಂದರು.

ಅಲ್ಲಿಂದಲೇ ಅತ್ತಿಗೆಗೆ ಫೋನು ಮಾಡಿದೆ. "ಮೊದಲು ತಂದದ್ದೂ ಇದೂ ಒಂದೇ ತಿಮರೆಯಾ ಅತ್ತಿಗೆ?"

"ತಿಮರೆ ಒಂದೇ. ಜಾಗ ಬೇರೆ. ಇದು ಬಾವಿಕಟ್ಟೆಯದ್ದು, ಅದು ತೋಟದ್ದು."

"ಒಂದೇ ಜಾಗದ್ದು ಯಾಕೆ ತರ್ಲಿಲ್ಲ?"

"ಬಾವಿಕಟ್ಟೆಯದ್ದು ನಮಗೆ ಚಟ್ನಿಗೆ ಬೇಕಲ್ಲ. ತೋಟದ್ದು ದೊಡ್ಡ ದೊಡ್ಡ ಎಲೆ, ಆದ್ರೆ ತಿನ್ಲಿಕ್ಕೆ ಆಗುದಿಲ್ಲ. ಮದ್ದು ಬಿಟ್ಟದ್ದಲ್ವಾ, ಎಲ್ಲ ಅದರ ಮೇಲೇ ಇಳಿದಿರ್ತದೆ. ಪರೀಕ್ಷೆಗೆ ತಾನೇ, ತಿನ್ಲಿಕ್ಕೆ ಅಲ್ಲವಲ್ಲ ಅಂತ ಅದನ್ನೇ ತಂದದ್ದು."

ಫೋನಿನ ಆ ಕಡೆಯಿಂದ "ಹಲೋ, ಹಲೋ" ಎನ್ನುವುದು ಕೇಳುತ್ತಿತ್ತು. ಹುಟ್ಟಿದಾಗಿನಿಂದ ಮದ್ದು ಬಿಡುವುದನ್ನು ನೋಡಿದವಳು ನಾನು. ಅಡಿಕೆಯ ಗೊನೆಯಿಂದ ಆ ನೀಲಿ ನೀರು ಇಳಿದು ಕೆಳಗಿನ ಎಲೆಗಳ ಮೇಲೆ ಕಲೆಯಾಗಿ ಒಣಗುವುದು, ಮಳೆಗೆ ತೊಳೆದು ಹೋಗದಿರಲಿ ಎಂದು ಅದಕ್ಕೆ ಅಂಟು ಬೆರೆಸುವುದು, ಎಲ್ಲ ಗೊತ್ತು. ಅಂಟು ಬೆರೆಸಿದ್ದು ನನ್ನ ನಲ್ಲಿ ನೀರಿಗೆ ಹೋಗುತ್ತದೆಯೇ? ತೀರ ಕಣ್ಣೆದುರಿನದ್ದಾದ್ದರಿಂದ ನನಗೂ ಕಾಣಲಿಲ್ಲ, ಅತ್ತಿಗೆಗೂ ಕಾಣಲಿಲ್ಲ. ಬೇರೆ ಊರಿನವರಾದರೆ ಮೊದಲೇ ಕೇಳುತ್ತಿದ್ದರೋ ಏನೋ.

ಅನುಮಾನ ಉಳಿಯದಂತೆ ಮಾಡಲು ಕಷ್ಟವಿರಲಿಲ್ಲ. ಉಳಿದಿದ್ದ ಹಳೆಯ ಎಲೆಪುಡಿಯನ್ನು ಸುಟ್ಟು ಬೂದಿ ಮಾಡಿ, ಆಮ್ಲದಲ್ಲಿ ಕರಗಿಸಿ, ಅಮೋನಿಯ ಹಾಕಿದೆ. ಪಿಯುಸಿ ಮಕ್ಕಳು ಮಾಡುವ ಪರೀಕ್ಷೆ. ಮೈಲುತುತ್ತು ಎಂದರೆ ತಾಮ್ರದ ಲವಣ; ತಾಮ್ರ ಇದ್ದರೆ ಕಡುನೀಲಿ ಬರಬೇಕು. ಕಣ್ಣು ಕುಕ್ಕುವ ನೀಲಿ ಬಂತು. ಬಾವಿಕಟ್ಟೆಯ ಎಲೆಯ ಬೂದಿಗೆ ಏನೂ ಬರಲಿಲ್ಲ. ಆಮೇಲೆ ಬರೀ ಮೈಲುತುತ್ತನ್ನೇ ಕೋಶಗಳ ಮೇಲೆ ಬಿಟ್ಟೆ. ಕ್ಯಾನ್ಸರ್ ಕೋಶಗಳು ಸತ್ತವು. ಪಕ್ಕದ ತಟ್ಟೆಯಲ್ಲಿ ಬೆಳೆಸಿದ್ದ, ಯಾವ ರೋಗವೂ ಇಲ್ಲದ ಚರ್ಮದ ಕೋಶಗಳೂ ಸತ್ತವು.

"ಕೊಲ್ಲುದಕ್ಕೆ ಫಿನಾಯಿಲೂ ಕೊಲ್ತದೆ," ಎಂದರು ಮೇಡಂ. "ಬೇಕಾದದ್ದನ್ನು ಬಿಟ್ಟು ಬೇಡದ್ದನ್ನು ಮಾತ್ರ ಕೊಲ್ಲುವಂಥದ್ದು ಸಿಗುದಿಲ್ಲ, ಅದೇ ಕಷ್ಟ."

ಫೋನಿನಲ್ಲಿ ಹೇಳಿ ಮುಗಿಸುವ ಸಂಗತಿ ಇದಲ್ಲ ಎನಿಸಿತು. ಅತ್ತಿಗೆಯನ್ನು ಪ್ರಯೋಗಶಾಲೆಗೇ ಕರೆಸಿದೆ. ಅಣ್ಣ ಹೊರಗೆ ಜೀಪಿನಲ್ಲೇ ಉಳಿದ. ಅತ್ತಿಗೆ ಚಪ್ಪಲಿ ಕಳಚಿಟ್ಟು, ದೇವಸ್ಥಾನಕ್ಕೆ ಬಂದವರ ಹಾಗೆ ಸೆರಗು ಸರಿಮಾಡಿಕೊಂಡು ಒಳಗೆ ಬಂದರು. ಮೊದಲು ಅವರಿಗೆ ಬದುಕಿರುವ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಒಂದು ಕಣ್ಣು ಮುಚ್ಚಿ, ಮತ್ತೊಂದನ್ನು ತೆರೆದು, ಬಹಳ ಹೊತ್ತು ಬಾಗಿ ನೋಡಿದರು.

"ಇದಾ?" ಎಂದರು. "ನನ್ನ ಒಳಗೆ ಇರುದೂ ಇಂಥದ್ದೇಯಾ?"

"ಹೆಚ್ಚುಕಡಿಮೆ ಇಂಥದ್ದೇ."

"ನಾನು ಎಂತೆಂಥದ್ದೋ ಅಂತ ಮಾಡಿದ್ದೆ. ಇದು ನೋಡ್ಲಿಕ್ಕೆ ಒಳ್ಳೇ ಉಂಟಲ್ಲ."

ಆಮೇಲೆ ತಾಮ್ರಕ್ಕೆ ಸತ್ತ ಕೋಶಗಳನ್ನು ತೋರಿಸಿದೆ; ಮುದುಡಿ, ತಳಬಿಟ್ಟು ತೇಲುತ್ತಿದ್ದವು. ಚರ್ಮದ ಕೋಶಗಳನ್ನೂ ತೋರಿಸಿದೆ. ಅವೂ ಹಾಗೆಯೇ ತೇಲುತ್ತಿದ್ದವು. ಕೊನೆಗೆ ಆ ನೀಲಿ ನೀರಿನ ಗಾಜಿನ ನಳಿಕೆ ಎತ್ತಿ ಹಿಡಿದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ, "ಇದು ಮೈಲುತುತ್ತು ಅಲ್ವಾ?" ಎಂದರು. ನನ್ನ ಮುಖ ನೋಡಿದರು, ತಟ್ಟೆ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು.

"ಅಂದ್ರೆ ಕೊಂದದ್ದು ನನ್ನ ತಿಮರೆ ಅಲ್ಲ, ನಿನ್ನಣ್ಣನ ಮದ್ದು!"

ಅವರು ನಗತೊಡಗಿದರು. ನನಗೂ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಕ್ಕದ ಕೋಣೆಯಿಂದ ಮೇಡಂ ಇಣುಕಿ ಹೋದರು. ನಗುತ್ತಾ ನಗುತ್ತಾ ಅತ್ತಿಗೆಯ ಕಣ್ಣಲ್ಲಿ ನೀರು ಬಂತು. ಸ್ಟೂಲಿನ ಮೇಲೆ ಕೂತು ಶಾಲಿನ ತುದಿಯಿಂದ ಒರೆಸಿಕೊಂಡರು.

"ಆಸ್ಪತ್ರೆಯದ್ದೂ ಹೀಗೆಯೇ ಅಲ್ವಾ? ಪಕ್ಕದಲ್ಲಿದ್ದದ್ದನ್ನೆಲ್ಲ ಕೊಲ್ಲುದು?" ಎಂದು ಕೇಳಿದರು.

"ಹೌದು. ಅದೂ ಸ್ವಲ್ಪ ಹೀಗೆಯೇ. ಅದಕ್ಕೇ ನಿಮ್ಮ ಕೂದಲು, ನಾಲಗೆ ಎಲ್ಲ ಹೋದದ್ದು. ಆದ್ರೆ ಅವು ತಿರುಗಿ ಬರ್ತವೆ. ಗಡ್ಡೆಗೆ ಮಾತ್ರ ಅಷ್ಟು ಬೇಗ ಚೇತರಿಸಿಕೊಳ್ಳಲಿಕ್ಕೆ ಆಗುದಿಲ್ಲ. ಆ ಒಂದು ವ್ಯತ್ಯಾಸದ ಮೇಲೆ ಇಡೀ ಲೆಕ್ಕ ನಿಂತದ್ದು."

ಅತ್ತಿಗೆ ನಳಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದರು. "ಮದ್ದು ಕಲಸುವಾಗ ಸುಣ್ಣ ಕಮ್ಮಿಯಾದ್ರೆ ಅಡಿಕೆಯೇ ಸುಟ್ಟು ಹೋಗುದು. ಕತ್ತಿ ಅದ್ದಿ ನೋಡ್ಬೇಕು. ಕತ್ತಿಗೆ ಕೆಂಪು ಹಿಡಿದ್ರೆ ಇನ್ನೂ ಸುಣ್ಣ ಬೇಕು ಅಂತ. ಇಷ್ಟು ವರ್ಷ ನಾನು ನೋಡದೆ ಒಂದು ಡ್ರಮ್ ಕೂಡ ಮರಕ್ಕೆ ಹೋಗ್ಲಿಲ್ಲ. ಅಲ್ಲಿ ಆಸ್ಪತ್ರೆಯಲ್ಲಿ ಹಾಗೆಂತಾದ್ರೂ ನೋಡ್ತಾರಾ, ಇಲ್ಲ ಸುಮ್ಮನೆ ಬಿಡುದಾ?"

"ಪ್ರತಿ ಸಲ ಮೊದಲು ನಿಮ್ಮ ರಕ್ತ ತೆಗೀತಾರಲ್ಲ, ಅದು ಎಂತಕ್ಕೆ ಅಂತ ಮಾಡಿದ್ರಿ? ತೂಕ ಯಾಕೆ ನೋಡುದು? ನಿಮ್ಮ ಮೈಗೆ ಎಷ್ಟು ತಡೀತದೆ ಅಂತ ಲೆಕ್ಕ ಹಾಕಿಯೇ ಕಲಸುದು."

"ಅದಾ," ಎಂದರು ಅತ್ತಿಗೆ. "ನನಗೆ ಯಾರೂ ಹೇಳ್ಲಿಲ್ಲ." ನಳಿಕೆಯನ್ನು ಜೋಪಾನವಾಗಿ ಸ್ಟ್ಯಾಂಡಿನಲ್ಲಿಟ್ಟರು.

ಮಾತು ಕೊಟ್ಟ ಪ್ರಕಾರ ಬರುತ್ತೇನೆಂದರು. ಆ ಸಲ ಮಂಗಳೂರಿಗೆ ನಾನೂ ಜೊತೆಗೆ ಹೋದೆ. ಅಣ್ಣ ಕೆಳಗೆ ಬಿಲ್ಲಿನ ಸಾಲಿನಲ್ಲಿ ನಿಂತಿದ್ದ. ಮೇಲೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅತ್ತಿಗೆ ಕೂತಿದ್ದರು. ಸಿಸ್ಟರ್ ಬಂದು ಕೈಗೆ ಸೂಜಿ ಚುಚ್ಚಿ, ಕೆಂಪು ಮದ್ದನ್ನು ಶುರುಮಾಡಿ ಹೋದರು. ನನಗೆ ಒಳಗೊಳಗೆ ಹೆಮ್ಮೆ. ಸಾಕ್ಷಿ ಸಮೇತ ತೋರಿಸಿ ಒಬ್ಬರ ಮೂಢನಂಬಿಕೆ ಬಿಡಿಸಿದೆನಲ್ಲ ಎಂದು ಬೀಗುತ್ತಿದ್ದೆ. ಅದನ್ನು ಸ್ವಲ್ಪ ಬಾಯಿಬಿಟ್ಟೂ ಹೇಳಿದೆ. "ನೋಡಿ, ಇನ್ನೊಮ್ಮೆ ಪರೀಕ್ಷೆ ಮಾಡಿದ್ದಕ್ಕೆ ನಿಜ ಗೊತ್ತಾಯ್ತು."

ಅತ್ತಿಗೆ ನನ್ನ ಕಡೆ ತಿರುಗಿದರು.

"ತಿಮರೆ ಕುಡಿದ್ರೆ ಕ್ಯಾನ್ಸರ್ ಹೋಗ್ತದೆ ಅಂತ ನಾನು ನಂಬಿದ್ದೆ ಅಂತ ಮಾಡಿದ್ದೀಯಾ?"

"ಮತ್ತೆ?" ಎಂದೆ.

"ನನಗೆ ಸಾಕಾಗಿತ್ತು," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಸಾಕಾಗಿದೆ ಅಂತ ಹೇಳಿದ್ರೆ ನಿನ್ನಣ್ಣ ಅಳ್ತಾನೆ. ಮಕ್ಕಳು ಫೋನು ಮಾಡಿ ಧೈರ್ಯ ಹೇಳ್ತಾರೆ. ಆಲೆಟ್ಟಿಯಿಂದ ನನ್ನ ಅಣ್ಣಂದಿರು ಹೊರಟು ಬರ್ತಾರೆ. ತಿಮರೆ ಕುಡಿತೇನೆ ಅಂದ್ರೆ ಯಾರಿಗೂ ಎಂತ ಇಲ್ಲ. ಅದಕ್ಕೆ ಹೇಳಿದ್ದು. ನೀನು ಆ ನೆಪವನ್ನೂ ತಪ್ಪಿಸಿದಿ."

ಇಷ್ಟು ದಿನ ನಾನು ಜಗಳವಾಡಿದ್ದು ಒಂದು ಸೊಪ್ಪಿನ ಜೊತೆ. ಬಾವಿಕಟ್ಟೆಯಲ್ಲಿ ಅವರು "ನಂಗೆ ಸಾಕಾತ್" ಎಂದಾಗ ಅದು ಜಗಳ ನಿಲ್ಲಿಸುವ ಮಾತು ಎಂದುಕೊಂಡಿದ್ದೆ. ಅವರು ನಿಜವನ್ನೇ ಹೇಳಿದ್ದರು.

"ಹಾಗಾದ್ರೆ ಈಗ?" ಎಂದು ಕೇಳಿದೆ.

"ಈಗಲೂ ಸಾಕಾಗಿಯೇ ಉಂಟು. ಆದ್ರೆ ಈಗ ಅದು ನಿನಗೊಬ್ಬಳಿಗೆ ಗೊತ್ತುಂಟಲ್ಲ. ಗೊತ್ತಿದ್ದವರು ಒಬ್ಬರು ಹತ್ತಿರ ಕೂತ್ರೆ ಹೇಗೋ ಕೂತುಕೊಳ್ಳಬಹುದು." ಹೀಗೆಂದು ಸೂಜಿ ಇಲ್ಲದ ಕೈಯನ್ನು ನನ್ನ ಕಡೆ ಚಾಚಿದರು. "ನೀನು ಮಾತ್ರ ನನಗೆ ಧೈರ್ಯ ಹೇಳ್ಲಿಕ್ಕಿಲ್ಲ."

ನಾನು ಆ ಕೈ ಹಿಡಿದುಕೊಂಡೆ. ಎಲ್ಲ ಸರಿಹೋಗ್ತದೆ ಅತ್ತಿಗೆ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು, ಮದ್ದು ಮುಗಿಯುವವರೆಗೆ ಸುಮ್ಮನೆ ಕೂತೆ.